ಡೊಮೇನ್ ರೆಕಾರ್ಡ್ ಬದಲಿಸಿದ್ದೀರಾ? 48 ಗಂಟೆ ಸುಮ್ನೆ ಕಾಯಬೇಡಿ

ಮುಂಬೈಯ ಮಾಟುಂಗದಲ್ಲಿ ನಮ್ಮೂರ ಕಡೆಯವರದ್ದೇ ಒಂದು ಹೋಟೆಲ್ ಇದೆ. ಅದರ ವೆಬ್‌ಸೈಟ್ ನೋಡಿಕೊಳ್ಳುವವನು ನಾನು. ಒಂದು ಸೋಮವಾರ ರಾತ್ರಿ ಹೋಟೆಲ್ ಬಾಗಿಲು ಹಾಕಿದ ಮೇಲೆ ಸೈಟನ್ನು ಹಳೆಯ ಸರ್ವರ್‌ನಿಂದ ಹೊಸದಕ್ಕೆ ಸಾಗಿಸಿ, ಡೊಮೇನ್ ರೆಕಾರ್ಡ್‌ನಲ್ಲಿ ವಿಳಾಸ ಬದಲಿಸಿದೆ. ಹೊಸ ಸೈಟು, ಹೊಸ ರೇಟು. ಬೆಳಗ್ಗೆ ಏಳಕ್ಕೇ ಯಜಮಾನರ ಫೋನ್.

“ಮಾರಾಯ್ರೆ, ಮಗನ ಲ್ಯಾಪ್‌ಟಾಪಿನಲ್ಲಿ ಇಡ್ಲಿ 60 ಅಂತ ತೋರಿಸ್ತದೆ. ನನ್ನ ಮೊಬೈಲಿನಲ್ಲಿ ಇನ್ನೂ 50 ಉಂಟು. ಗಿರಾಕಿ ಮೊಬೈಲ್ ತೋರಿಸಿ ಐವತ್ತೇ ಕೊಡ್ತೇನೆ ಅಂದ್ರೆ ನಾನೇನು ಮಾಡ್ಲಿ?”

“ಶೆಟ್ರೆ, ಅದು ಎಲ್ಲಾ ಕಡೆ ಹಬ್ಬಲಿಕ್ಕೆ 48 ಗಂಟೆ ಬೇಕು,” ಅಂದೆ. ಈ ಕಸುಬಿನಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು ಅದು. ಶೆಟ್ರು ನಂಬಿದರು, ನಾನೂ ನಂಬಿದ್ದೆ. ಎರಡು ದಿನ ಕಳೆಯಿತು. ಅವರ ಮೊಬೈಲಿನಲ್ಲಿ ಇಡ್ಲಿ 50 ರೂಪಾಯಿಗೇ ನಿಂತಿತ್ತು. ತಪ್ಪು ನನ್ನದೇ. ಏನು ತಪ್ಪು ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಈ ‘ಹಬ್ಬುವುದು’ ಅಂದರೆ ಏನು ಅಂತ ಸರಿಯಾಗಿ ನೋಡೋಣ. ಅದು ಗೊತ್ತಾದರೆ ಕೆಳಗಿನ ಹೆಜ್ಜೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ನಿಜಕ್ಕೂ ಏನೂ ಹಬ್ಬುವುದಿಲ್ಲ

ಹೋಟೆಲಿನ ಲೆಕ್ಕದಲ್ಲೇ ಹೇಳುತ್ತೇನೆ. ಬಿಸಿ ಏನಿದೆ ಅಂತ ಗಿರಾಕಿ ಕೇಳುತ್ತಾನೆ. ಸಪ್ಲೈಯರ್ ಒಮ್ಮೆ ಅಡುಗೆಮನೆಗೆ ಹೋಗಿ ಕೇಳಿಕೊಂಡು ಬರುತ್ತಾನೆ. ಆಮೇಲೆ ಯಾವ ಟೇಬಲಿನವರು ಕೇಳಿದರೂ ಬಾಯಲ್ಲಿದ್ದದ್ದನ್ನೇ ಹೇಳುತ್ತಾನೆ. ಪ್ರತಿ ಸಲ ಒಳಗೆ ಓಡಿದರೆ ಕೆಲಸ ಸಾಗೀತೇ? ಈ ನಡುವೆ ಒಳಗೆ ಬನ್ಸ್ ಮುಗಿದು ಗೋಳಿಬಜೆ ಶುರುವಾಗಿರಬಹುದು. ಅವನಿಗೆ ಅದು ಗೊತ್ತಿಲ್ಲ. ಮತ್ತೊಮ್ಮೆ ಒಳಗೆ ಹೋಗುವ ತನಕ ಬನ್ಸ್ ಅಂತಲೇ ಹೇಳುತ್ತಿರುತ್ತಾನೆ.

ಇಲ್ಲಿ ಅಡುಗೆಮನೆ ಅಂದರೆ ನಿಮ್ಮ ಡೊಮೇನಿನ ನೇಮ್‌ಸರ್ವರ್. ಯಾವ ಹೆಸರಿಗೆ ಯಾವ ವಿಳಾಸ ಅಂತ ಬರೆದಿಟ್ಟ ಸಾಲುಗಳು, ಅಂದರೆ ರೆಕಾರ್ಡ್‌ಗಳು, ಇರುವುದು ಅಲ್ಲೇ. ಸಪ್ಲೈಯರ್ ಅಂದರೆ ರಿಸಾಲ್ವರ್, ನಿಮ್ಮ ಪರವಾಗಿ ವಿಳಾಸ ಕೇಳಿ ತರುವ ಸರ್ವರ್. ಅದು ನಿಮ್ಮ ಇಂಟರ್ನೆಟ್ ಕಂಪನಿಯದ್ದಿರಬಹುದು, ಗೂಗಲ್‌ನ 8.8.8.8 ಇರಬಹುದು, ಕ್ಲೌಡ್‌ಫ್ಲೇರ್‌ನ 1.1.1.1 ಇರಬಹುದು. ಒಮ್ಮೆ ಕೇಳಿದ ಉತ್ತರವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅಂತ ಅಡುಗೆಮನೆಯವರೇ ಹೇಳಿ ಕಳಿಸುತ್ತಾರೆ. ಅದೇ ಟಿಟಿಎಲ್, ಟೈಮ್ ಟು ಲಿವ್. ಲೆಕ್ಕ ಸೆಕೆಂಡುಗಳಲ್ಲಿ. 300 ಅಂದರೆ ಐದು ನಿಮಿಷ, 3600 ಅಂದರೆ ಒಂದು ಗಂಟೆ, 86400 ಅಂದರೆ ಒಂದು ಪೂರ್ತಿ ದಿನ. ಹೀಗೆ ನೆನಪಿಟ್ಟುಕೊಳ್ಳುವ ಜಾಗಕ್ಕೆ ಕ್ಯಾಶ್ ಅನ್ನುತ್ತಾರೆ. ಗಲ್ಲಾಪೆಟ್ಟಿಗೆಯ ಕ್ಯಾಶ್ ಬೇರೆ. ಶೆಟ್ರಿಗೆ ಇದನ್ನು ಬಿಡಿಸಿ ಹೇಳುವುದಕ್ಕೆ ಹತ್ತು ನಿಮಿಷ ಹಿಡಿಯಿತು.

ಹಾಗಾಗಿ ನೀವು ರೆಕಾರ್ಡ್ ಬದಲಿಸಿದಾಗ ಹೊಸ ವಿಳಾಸ ಎಲ್ಲಿಗೂ ಹೊರಟು ಹೋಗುವುದಿಲ್ಲ. ಅದು ಅಡುಗೆಮನೆಯಲ್ಲೇ ಇರುತ್ತದೆ. ಹಳೆಯದನ್ನು ನೆನಪಿಟ್ಟವರೆಲ್ಲ ಒಬ್ಬೊಬ್ಬರಾಗಿ ಅದನ್ನು ಮರೆಯಬೇಕು, ಅಷ್ಟೇ. ಯಾರು ಯಾವಾಗ ಕೇಳಿದ್ದರು ಅನ್ನುವುದರ ಮೇಲೆ ಒಬ್ಬರು ಬೇಗ ಮರೆಯುತ್ತಾರೆ, ಇನ್ನೊಬ್ಬರು ತಡವಾಗಿ.

ಒಂದು ಕಾಲಕ್ಕೆ ಇದು ನಿಜಕ್ಕೂ ಹಬ್ಬುತ್ತಿತ್ತು ಅನ್ನಿ. ಇಂಟರ್ನೆಟ್‌ಗೂ ಮೊದಲಿನ ಜಾಲವಾದ ಅರ್ಪಾನೆಟ್ ದಿನಗಳಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರೂ ವಿಳಾಸವೂ ಒಂದೇ ಫೈಲಿನಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ತಿದ್ದುತ್ತಿತ್ತು. ಉಳಿದವರು ಅಲ್ಲಿಂದ ಪ್ರತಿ ಇಳಿಸಿಕೊಳ್ಳಬೇಕಿತ್ತು. ಜಾಲ ಬೆಳೆದ ಹಾಗೆ ಅದು ನಿಭಾಯಿಸಲಾಗದ ಕೆಲಸವಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ (ಡೊಮೇನ್ ನೇಮ್ ಸಿಸ್ಟಮ್) ರೂಪಿಸಿದರು. ಅಂದಿನಿಂದ ಪ್ರತಿ ಹಂಚುವ ಬದಲು ಕೇಳಿ ತಿಳಿದುಕೊಳ್ಳುವ ಪದ್ಧತಿ. ಆದರೂ ನಾವು ಹಳೆಯ ಕಾಲದ ಮಾತನ್ನೇ ಆಡುತ್ತಿದ್ದೇವೆ.

ಮೊದಲು: ಯಾವುದು ಯಾವ ಅಂಗಡಿಯಲ್ಲಿದೆ?

ಮೂರು ಬೇರೆ ಬೇರೆ ವಸ್ತುಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಹೆಸರು ಖರೀದಿಸಿದ ಜಾಗ ರಿಜಿಸ್ಟ್ರಾರ್. ರೆಕಾರ್ಡ್‌ಗಳು ಇರುವ ಜಾಗ ನೇಮ್‌ಸರ್ವರ್. ಸೈಟಿನ ಫೈಲುಗಳಿರುವ ಜಾಗ ಹೋಸ್ಟಿಂಗ್. ಮೂರೂ ಒಂದೇ ಕಂಪನಿಯಲ್ಲಿರಬಹುದು, ಮೂರು ಕಡೆಯೂ ಇರಬಹುದು. ರಿಜಿಸ್ಟ್ರಾರ್‌ನ ಪುಟದಲ್ಲಿ ರೆಕಾರ್ಡ್ ತಿದ್ದಿ, ಏನೂ ಆಗಲಿಲ್ಲ ಅಂತ ದಿನಗಟ್ಟಲೆ ಕಾಯುವವರನ್ನು ಬಹಳ ನೋಡಿದ್ದೇನೆ. ಡೊಮೇನಿನ ನೇಮ್‌ಸರ್ವರ್ ಬೇರೆ ಕಂಪನಿಯದ್ದಾಗಿದ್ದರೆ ಅಲ್ಲಿ ತಿದ್ದಿದ್ದನ್ನು ಯಾರೂ ಓದುವುದೇ ಇಲ್ಲ.

ಲಾಗಿನ್ ಯಾರ ಹತ್ತಿರ ಇದೆ ಅಂತಲೂ ಈಗಲೇ ನೋಡಿ. ಮುಂಬೈಯಲ್ಲಿ ನಮ್ಮವರ ಹೋಟೆಲುಗಳದ್ದೂ ಸಂಘಗಳದ್ದೂ ಒಂದೇ ಕಥೆ. ಡೊಮೇನ್ ತೆಗೆದುಕೊಟ್ಟ ಸೋದರಳಿಯ ಈಗ ದುಬೈಯಲ್ಲಿದ್ದಾನೆ, ಒಟಿಪಿ ಹೋಗುವುದು ಅವನ ಬಂದ್ ಆದ ನಂಬರಿಗೆ. ಬದಲಾವಣೆಯ ರಾತ್ರಿ ಇದು ಗೊತ್ತಾಗಬಾರದು.

ಆಮೇಲೆ ಈಗಿರುವ ಎಲ್ಲ ರೆಕಾರ್ಡ್‌ಗಳನ್ನೂ ಒಂದು ಕಡೆ ಬರೆದಿಡಿ, ಇಲ್ಲವೇ ಸ್ಕ್ರೀನ್‌ಶಾಟ್ ತೆಗೆದಿಡಿ. ಒಂದೂ ಬಿಡಬಾರದು. ‘ನಿನ್ನ ಹತ್ತಿರ ಇರುವುದನ್ನೆಲ್ಲಾ ಕೊಡು’ ಅಂತ ಹೊರಗಿನಿಂದ ಕೇಳಿದರೆ ಸಾಮಾನ್ಯವಾಗಿ ಯಾವ ನೇಮ್‌ಸರ್ವರೂ ಕೊಡುವುದಿಲ್ಲ. ಹೆಸರು ಹಿಡಿದು ಒಂದೊಂದನ್ನೇ ಕೇಳಬೇಕು. ಹಳೆಯ ಖಾತೆ ಮುಚ್ಚಿದ ಮೇಲೆ ‘ಅಲ್ಲೊಂದು ರೆಕಾರ್ಡ್ ಇತ್ತಲ್ಲ’ ಅಂತ ನೆನಪಾದರೆ ಪ್ರಯೋಜನವಿಲ್ಲ.

ಟಿಟಿಎಲ್ ಇಳಿಸುವುದು, ಇಳಿಸಿ ಕಾಯುವುದು

ಇಡೀ ಕೆಲಸದ ಜೀವ ಇಲ್ಲಿದೆ. ಇಳಿಸುವುದನ್ನು ಎಲ್ಲರೂ ಮಾಡುತ್ತಾರೆ. ಇಳಿಸಿದ ಮೇಲೆ ಕಾಯುವವರು ಕಡಿಮೆ.

ಈಗಿನ ಟಿಟಿಎಲ್ 86400 ಅಂದುಕೊಳ್ಳಿ. ಬುಧವಾರ ಬೆಳಗ್ಗೆ 10 ಗಂಟೆಗೆ ಅದನ್ನು 300ಕ್ಕೆ ಇಳಿಸಿದಿರಿ. ಯಾವುದೋ ರಿಸಾಲ್ವರ್ 9:59ಕ್ಕೆ ಬಂದು ಕೇಳಿ ಹೋಗಿತ್ತು. ಅದಕ್ಕೆ ಸಿಕ್ಕಿದ್ದು ‘ಒಂದು ದಿನ ನೆನಪಿಟ್ಟುಕೋ’ ಅನ್ನುವ ಹಳೆಯ ಅಪ್ಪಣೆ. ನೀವು ಇಳಿಸಿದ್ದು ಅದಕ್ಕೆ ಗೊತ್ತೇ ಇಲ್ಲ. ಗುರುವಾರ 9:59ರ ತನಕ ಅದು ಮತ್ತೆ ಕೇಳಲು ಬರುವುದೂ ಇಲ್ಲ. ಬುಧವಾರ 10:10ಕ್ಕೇ ನೀವು ವಿಳಾಸ ಬದಲಿಸಿದರೆ, ಆ ರಿಸಾಲ್ವರ್ ನಂಬಿದ ಜನರೆಲ್ಲ ಸುಮಾರು ಒಂದು ದಿನ ಹಳೆಯ ಸೈಟನ್ನೇ ನೋಡುತ್ತಾರೆ. ಇಳಿಸಿಯೂ ದಂಡ.

ಅದೇ ಗುರುವಾರ 10 ಗಂಟೆ ದಾಟಲು ಬಿಡಿ. ಆಗ ನಿಯಮ ಪಾಲಿಸುವ ಯಾವ ರಿಸಾಲ್ವರ್ ಹತ್ತಿರವೂ ಐದು ನಿಮಿಷಕ್ಕಿಂತ ಹೆಚ್ಚು ಬಾಳುವ ಉತ್ತರ ಇರುವುದಿಲ್ಲ. ಗುರುವಾರ ರಾತ್ರಿ 11ಕ್ಕೆ ಬದಲಿಸಿದರೆ 11:05ಕ್ಕೆ ಬಹುತೇಕ ಎಲ್ಲರೂ ಹೊಸ ಕಡೆ ಬಂದಿರುತ್ತಾರೆ. ಕಾಯಬೇಕಾದದ್ದು ಬದಲಾವಣೆಗೆ ಮೊದಲು, ಆಮೇಲೆ ಅಲ್ಲ. ಎಷ್ಟು ಕಾಯಬೇಕು ಅನ್ನುವುದನ್ನು ಹಳೆಯ ಟಿಟಿಎಲ್ ಹೇಳುತ್ತದೆ, ಹೊಸದಲ್ಲ.

300ಕ್ಕಿಂತ ಕೆಳಗೆ ಇಳಿಸುವ ಆಸೆ ಬೇಡ. ತೀರಾ ಚಿಕ್ಕ ಅಂಕಿಯನ್ನು ಕೆಲವು ರಿಸಾಲ್ವರ್‌ಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ತಮ್ಮದೇ ಒಂದು ಕನಿಷ್ಠ ಇಟ್ಟುಕೊಂಡಿರುತ್ತವೆ.

‘ಇಲ್ಲ’ ಅನ್ನುವುದನ್ನೂ ನೆನಪಿಡುತ್ತಾರೆ

ಸಪ್ಲೈಯರ್ ‘ಗೋಳಿಬಜೆ ಇಲ್ಲ’ ಅನ್ನುವುದನ್ನೂ ನೆನಪಿಟ್ಟುಕೊಳ್ಳುತ್ತಾನೆ ಅಲ್ವಾ? ಐದು ನಿಮಿಷದಲ್ಲಿ ಬಿಸಿ ಬಿಸಿ ಗೋಳಿಬಜೆ ಎಣ್ಣೆಯಿಂದ ಎದ್ದರೂ ಅವನು ಇಲ್ಲ ಅಂತಲೇ ಹೇಳುತ್ತಾನೆ. ರಿಸಾಲ್ವರ್‌ಗಳೂ ಹಾಗೆಯೇ. ಎಷ್ಟು ಹೊತ್ತು ಅನ್ನುವುದು ಡೊಮೇನಿನ ಎಸ್‌ಒಎ ಅನ್ನುವ ಮೂಲ ವಿವರಗಳ ರೆಕಾರ್ಡ್‌ನಲ್ಲಿರುತ್ತದೆ. ಅದರ ಕೊನೆಯ ಅಂಕಿ ಮತ್ತು ಆ ರೆಕಾರ್ಡ್‌ನ ಸ್ವಂತ ಟಿಟಿಎಲ್, ಎರಡರಲ್ಲಿ ಯಾವುದು ಚಿಕ್ಕದೋ ಅದು. 1998ರಿಂದ ಇದೇ ನಿಯಮ.

ಹೊಸ ಸಬ್‌ಡೊಮೇನ್, ಅಂದರೆ ಡೊಮೇನಿನ ಮುಂದೆ ಇನ್ನೊಂದು ಹೆಸರು ಸೇರಿಸಿದ್ದು, ಮಾಡುವಾಗ ಇದು ಕೈಕೊಡುತ್ತದೆ. ಕ್ಯಾಟರಿಂಗ್‌ಗೆ ಅಂತ ಒಂದು ಸಬ್‌ಡೊಮೇನ್ ಮಾಡಬೇಕಿತ್ತು. ರೆಕಾರ್ಡ್ ಹಾಕುವ ಮೊದಲೇ ನಾನು ಬ್ರೌಸರಿನಲ್ಲಿ ಹೆಸರು ಹೊಡೆದು ನೋಡಿದೆ, ಚಟ. ‘ಇಲ್ಲ’ ಅನ್ನುವ ಉತ್ತರ ರಿಸಾಲ್ವರ್‌ನಲ್ಲಿ ಕೂತುಬಿಟ್ಟಿತು. ರೆಕಾರ್ಡ್ ಹಾಕಿದ ಮೇಲೂ ಒಂದು ಗಂಟೆ ನನಗೆ ಮಾತ್ರ ಸಿಗಲಿಲ್ಲ, ಊರಿಗೆಲ್ಲ ಸಿಗುತ್ತಿತ್ತು. ಮೊದಲು ರೆಕಾರ್ಡ್ ಹಾಕಿ, ಆಮೇಲೆ ನೋಡಿ.

ಬದಲಿಸುವ ಮೊದಲೇ ಹೊಸ ಮನೆ ನೋಡಿ

ಹೊಸ ಸರ್ವರ್‌ನಲ್ಲಿ ಸೈಟ್ ಪೂರ್ತಿ ಸಿದ್ಧವಾಗಿರಲಿ. ಜಗತ್ತಿಗೆ ಹೇಳುವ ಮೊದಲು ನಿಮ್ಮ ಕಂಪ್ಯೂಟರಿಗೆ ಮಾತ್ರ ಹೊಸ ವಿಳಾಸ ಹೇಳಿಕೊಡಬಹುದು. ಅದಕ್ಕೆ ಹೋಸ್ಟ್ಸ್ ಫೈಲ್ ಇದೆ. ವಿಂಡೋಸ್‌ನಲ್ಲಾದರೆ ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ವಿಂಡೋಸ್ ಫೋಲ್ಡರಿನ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಫೋಲ್ಡರಿಗೆ ಹೋಗಿ. ಅಲ್ಲಿರುವ ಹೋಸ್ಟ್ಸ್ ಫೈಲಿನ ಕೊನೆಗೆ ಹೊಸ ಐಪಿ (ಸರ್ವರಿನ ಅಂಕಿಯ ವಿಳಾಸ), ಒಂದು ಸ್ಪೇಸ್, ಡೊಮೇನ್ ಹೆಸರು ಬರೆಯಿರಿ. ಈಗ ಆ ಕಂಪ್ಯೂಟರ್ ಯಾರನ್ನೂ ಕೇಳದೆ ನೇರ ಹೊಸ ಸರ್ವರಿಗೆ ಹೋಗುತ್ತದೆ. ಎಲ್ಲ ಪುಟ, ಫಾರ್ಮ್, ಚಿತ್ರ ತೆರೆದು ನೋಡಿ. ನೋಡಿದ ಮೇಲೆ ಆ ಸಾಲನ್ನು ಅಳಿಸಿ. ಅಳಿಸುವುದನ್ನು ಮರೆತರೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತು.

ಸೈಟು ಅಸಲಿ ಅಂತ ಬ್ರೌಸರಿಗೆ ತೋರಿಸುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಮರೆಯಬೇಡಿ. ಅದನ್ನು ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸೇವೆಗಳು, ಈ ಹೆಸರು ನಿಮ್ಮದೇ ಅಂತ ತೋರಿಸಿ ಅನ್ನುತ್ತವೆ. ವಿಳಾಸ ಇನ್ನೂ ಹಳೆಯ ಸರ್ವರಿಗೇ ಇರುವಾಗ ಹೊಸದು ಅದನ್ನು ತೋರಿಸುವುದು ಹೇಗೆ? ಬರೀ ಬರಹ ಇಡುವ ಟಿಎಕ್ಸ್‌ಟಿ ರೆಕಾರ್ಡ್ ಹಾಕಿ ತೋರಿಸುವ ದಾರಿಯೂ ಇದೆ. ಅದನ್ನು ಬಳಸಿದರೆ ಮುಂಚೆಯೇ ಸರ್ಟಿಫಿಕೇಟ್ ಪಡೆದಿಡಬಹುದು. ಇಲ್ಲದಿದ್ದರೆ ಮೊದಲ ಕೆಲವು ನಿಮಿಷ ಬಂದವರಿಗೆಲ್ಲ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸುತ್ತದೆ.

ಬದಲಿಸುವ ರಾತ್ರಿ, ಮತ್ತು ನನ್ನ ತಪ್ಪು

ಬದಲಿಸುವುದು ಎರಡು ನಿಮಿಷದ ಕೆಲಸ. ಹೆಸರಿಗೆ ಐಪಿ ಹೇಳುವ ಎ ರೆಕಾರ್ಡ್‌ನಲ್ಲಿದ್ದ ಹಳೆಯ ಐಪಿ, ಉದಾಹರಣೆಗೆ 192.0.2.10, ತೆಗೆದು 203.0.113.25 ಬರೆದು ಉಳಿಸಿದಿರಿ. ಆಯಿತು.

ನಾನೂ ಅಷ್ಟೇ ಮಾಡಿದ್ದೆ. ಆದರೆ ಎ ರೆಕಾರ್ಡ್‌ಗೆ ಒಬ್ಬ ಅಣ್ಣನಿದ್ದಾನೆ, ನಾಲ್ಕು ಎ ಇರುವವನು. ಕ್ವಾಡ್ ಎ ಅನ್ನುತ್ತಾರೆ. ಐಪಿವಿ6 ವಿಳಾಸ, ಅಂದರೆ ಹೊಸ ಪದ್ಧತಿಯ ಉದ್ದದ ಐಪಿ, ಇರುವುದು ಅಲ್ಲಿ. ಹಳೆಯ ಹೋಸ್ಟಿಂಗ್ ಯಾವತ್ತೋ ಅದನ್ನು ತಾನಾಗಿ ಸೇರಿಸಿತ್ತು. ನಾನು ನೋಡಿಯೇ ಇರಲಿಲ್ಲ. ಶೆಟ್ರ ಮೊಬೈಲ್ ಜಾಲದಲ್ಲಿ ಐಪಿವಿ6 ಇತ್ತು. ನಮ್ಮ ದೇಶದ ಮೊಬೈಲ್ ಇಂಟರ್ನೆಟ್‌ನಲ್ಲಿ ಅದು ಈಗ ಬಹಳ ಸಾಮಾನ್ಯ. ಮೊಬೈಲ್ ಕ್ವಾಡ್ ಎ ಹಿಡಿದುಕೊಂಡು ಹಳೆಯ ಸರ್ವರಿಗೇ ಹೋಗುತ್ತಿತ್ತು. ಮಗನ ಲ್ಯಾಪ್‌ಟಾಪ್ ಇದ್ದದ್ದು ಹೋಟೆಲಿನ ವೈಫೈಯಲ್ಲಿ. ಅಲ್ಲಿ ಹಳೆಯ ಐಪಿವಿ4 ಮಾತ್ರ. ಅದಕ್ಕೇ ಅಪ್ಪನಿಗೆ 50, ಮಗನಿಗೆ 60. ಇದು ಎರಡು ದಿನವಲ್ಲ, ಎರಡು ವರ್ಷ ಕಾದರೂ ಸರಿಯಾಗುತ್ತಿರಲಿಲ್ಲ.

‘ಹಬ್ತಾ ಇದೆ’ ಅನ್ನುವ ಮಾತಿನ ಕೆಡುಕು ಇದೇ. ಅದು ಹುಡುಕುವುದನ್ನು ನಿಲ್ಲಿಸುತ್ತದೆ. ಟಿಟಿಎಲ್ ಮುಗಿದ ಮೇಲೂ ಹಳೆಯದು ಕಾಣುತ್ತಿದ್ದರೆ ನಿಮ್ಮ ಕೆಲಸದಲ್ಲಿ ಎಲ್ಲೋ ತಪ್ಪಿದೆ ಅಂತಲೇ ಮೊದಲು ತಿಳಿಯಿರಿ. ಕ್ವಾಡ್ ಎ ಮರೆತಿರಬಹುದು. ಮುಂದೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ಹೆಸರು ಒಂದು ಕಡೆ, ಇಲ್ಲದ ಹೆಸರು ಇನ್ನೊಂದು ಕಡೆ ಹೋಗುತ್ತಿರಬಹುದು. ಹಳೆಯ ಎ ರೆಕಾರ್ಡ್ ಅಳಿಸದೆ ಹೊಸದನ್ನು ಸೇರಿಸಿರಬಹುದು. ಆಗ ಎರಡೂ ವಿಳಾಸ ಸರದಿಯಲ್ಲಿ ಸಿಗುತ್ತವೆ, ಒಮ್ಮೆ ಹಳೆಯ ರೇಟು, ಒಮ್ಮೆ ಹೊಸ ರೇಟು.

ಯಾರನ್ನು ಕೇಳಬೇಕು, ಉತ್ತರ ಹೇಗೆ ಓದಬೇಕು

ಮೊದಲು ಅಡುಗೆಮನೆಯನ್ನೇ ಕೇಳಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಎನ್‌ಎಸ್‌ಲುಕಪ್ (nslookup) ಅಂತ ಬರೆಯಿರಿ. ಸ್ಪೇಸ್ ಬಿಟ್ಟು ಡೊಮೇನ್ ಹೆಸರು. ಮತ್ತೆ ಸ್ಪೇಸ್ ಬಿಟ್ಟು, ಯಾರನ್ನು ಕೇಳಬೇಕೋ ಆ ನೇಮ್‌ಸರ್ವರಿನ ಹೆಸರು. ಅಲ್ಲಿಂದಲೇ ಹಳೆಯ ಉತ್ತರ ಬಂದರೆ ಬದಲಾವಣೆ ಉಳಿದೇ ಇಲ್ಲ, ಕಾಯುವುದು ವ್ಯರ್ಥ. ನೇಮ್‌ಸರ್ವರ್‌ಗಳು ಸಾಮಾನ್ಯವಾಗಿ ಎರಡೋ ನಾಲ್ಕೋ ಇರುತ್ತವೆ. ಎಲ್ಲವನ್ನೂ ಕೇಳಿ. ಮುಖ್ಯ ಸರ್ವರ್‌ನಿಂದ ಉಳಿದವಕ್ಕೆ ಪ್ರತಿ ಹೋಗುವುದಕ್ಕೆ ಸಾಮಾನ್ಯವಾಗಿ ಕೆಲವೇ ಸೆಕೆಂಡು ಸಾಕು. ಈ ಇಡೀ ವ್ಯವಹಾರದಲ್ಲಿ ನಿಜವಾಗಿ ‘ಹಬ್ಬುವುದು’ ಅಂತ ಏನಾದರೂ ಇದ್ದರೆ ಇದೊಂದೇ.

ಆಮೇಲೆ ಅದೇ ಪ್ರಶ್ನೆಯನ್ನು 8.8.8.8ಕ್ಕೂ 1.1.1.1ಕ್ಕೂ ಕೇಳಿ. ಮ್ಯಾಕ್ ಅಥವಾ ಲಿನಕ್ಸ್ ಇದ್ದವರು ಡಿಗ್ (dig) ಅನ್ನುವ ಕಮಾಂಡ್ ಬಳಸಿ. ಉತ್ತರದ ಸಾಲಿನಲ್ಲಿ ಹೆಸರಿನ ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ, 212 ಅಂದುಕೊಳ್ಳಿ. ಹತ್ತು ಸೆಕೆಂಡು ಬಿಟ್ಟು ಮತ್ತೆ ಕೇಳಿದರೆ 202. ಆ ಉತ್ತರ ಸಾಯುವುದಕ್ಕೆ ಇನ್ನೆಷ್ಟು ಸೆಕೆಂಡು ಉಳಿದಿದೆ ಅನ್ನುವ ಲೆಕ್ಕ ಅದು. ‘ಶೆಟ್ರೆ, ಇನ್ನು ಮೂರು ನಿಮಿಷ’ ಅಂತ ಧೈರ್ಯವಾಗಿ ಹೇಳಬಹುದು. ದೊಡ್ಡ ರಿಸಾಲ್ವರ್‌ಗಳಲ್ಲಿ ಅಂಕಿ ಒಮ್ಮೆ 202, ಮರುಕ್ಷಣ 290, ಮತ್ತೆ 45 ಅಂತ ಕುಣಿದರೆ ಗಾಬರಿ ಬೇಡ. ಒಂದೇ ವಿಳಾಸದ ಹಿಂದೆ ಹಲವು ಯಂತ್ರಗಳಿರುತ್ತವೆ, ಒಂದೊಂದರ ನೆನಪೂ ಬೇರೆ. ಅಡುಗೆಮನೆಯನ್ನು ಕೇಳಿದಾಗ ಮಾತ್ರ ಅಂಕಿ ಇಳಿಯುವುದಿಲ್ಲ, ಸದಾ ಪೂರ್ತಿ 300.

ಡಿಗ್ ಕೇಳದಿದ್ದರೆ ಎ ರೆಕಾರ್ಡ್ ಮಾತ್ರ ತೋರಿಸುತ್ತದೆ. ಕ್ವಾಡ್ ಎ ಬೇಕಾದರೆ ಹೆಸರು ಹೇಳಿ ಕೇಳಬೇಕು. ನನಗೆ ಎರಡು ದಿನ ಕಣ್ಣಿಗೆ ಬೀಳದೆ ಹೋದದ್ದು ಇದರಿಂದಲೇ.

ಭೂಪಟದ ಮೇಲೆ ಹಸಿರು, ಕೆಂಪು ಗುರುತು ಹಾಕಿ ತೋರಿಸುವ ಸೈಟುಗಳಿವೆ. ಅವು ಮಾಡುವುದು ಇಷ್ಟೇ: ಬೇರೆ ಬೇರೆ ದೇಶಗಳ ಕೆಲವು ರಿಸಾಲ್ವರ್‌ಗಳನ್ನು ನಿಮ್ಮ ಪರವಾಗಿ ಕೇಳುತ್ತವೆ. ನೋಡಬಹುದು, ತಪ್ಪಿಲ್ಲ. ಆದರೆ ಮಾಟುಂಗದ ಹೋಟೆಲಿಗೆ ಬ್ರೆಜಿಲ್‌ನಲ್ಲಿ ಕೆಂಪು ಗುರುತು ಇದ್ದರೆ ಏನಾಗಬೇಕು?

ನಿಮ್ಮ ಕಣ್ಣೆದುರಿನ ಹಳೆಯ ನೆನಪನ್ನು ಅಳಿಸಬಹುದು. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್, ಸ್ಪೇಸ್, ಸ್ಲ್ಯಾಶ್, ಅದಕ್ಕೆ ಅಂಟಿಕೊಂಡು ಫ್ಲಶ್‌ಡಿಎನ್‌ಎಸ್ (ipconfig /flushdns). ಮೊಬೈಲಿನಲ್ಲಾದರೆ ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ. ವೈಫೈ ರೌಟರ್ ಆಫ್ ಮಾಡಿ ಆನ್ ಮಾಡಿ. ಗೂಗಲ್ ಮತ್ತು ಕ್ಲೌಡ್‌ಫ್ಲೇರ್ ಎರಡೂ ತಮ್ಮ ರಿಸಾಲ್ವರ್‌ನಿಂದ ಒಂದು ಹೆಸರಿನ ನೆನಪನ್ನು ಅಳಿಸುವ ಪುಟ ಇಟ್ಟಿವೆ, ಯಾರು ಬೇಕಾದರೂ ಬಳಸಬಹುದು. ಉಳಿದ ಇಂಟರ್ನೆಟ್ ಕಂಪನಿಗಳ ವಿಷಯದಲ್ಲಿ ಟಿಟಿಎಲ್ ಮುಗಿಯುವುದನ್ನೇ ಕಾಯಬೇಕು.

ನೇಮ್‌ಸರ್ವರನ್ನೇ ಬದಲಿಸುವುದಾದರೆ

ಇದು ಬೇರೆಯೇ ಆಟ. 48 ಗಂಟೆಯ ಮಾತು ಹುಟ್ಟಿದ್ದಕ್ಕೆ ಇಲ್ಲಿ ಒಂದು ಕಾರಣ ಸಿಗುತ್ತದೆ. ರಿಸಾಲ್ವರ್ ಮೊದಲು ಎಲ್ಲಕ್ಕಿಂತ ಮೇಲಿನ ರೂಟ್ ಸರ್ವರನ್ನು ಕೇಳುತ್ತದೆ. ರೂಟ್ ಸರ್ವರ್‌ಗಳ ಹೆಸರು 13, ಪ್ರತಿಗಳು ಜಗತ್ತಿನ ತುಂಬ, ಮುಂಬೈಯಲ್ಲೂ ಇವೆ. ಅದು ಡಾಟ್ ಕಾಮ್ ನೋಡಿಕೊಳ್ಳುವವರ ಕಡೆ ಕೈ ತೋರಿಸುತ್ತದೆ. ಅವರು ನಿಮ್ಮ ನೇಮ್‌ಸರ್ವರ್ ಯಾವುದು ಅಂತ ಹೇಳುತ್ತಾರೆ. ಡಾಟ್ ಕಾಮ್‌ನಲ್ಲಿ ಈ ಉತ್ತರದ ಟಿಟಿಎಲ್ 172800 ಸೆಕೆಂಡು, ಅಂದರೆ ಸರಿಯಾಗಿ ಎರಡು ದಿನ. ಅದನ್ನು ಇಳಿಸುವ ಅಧಿಕಾರ ನಿಮಗಿಲ್ಲ.

ಇದಕ್ಕೆ ಉಪಾಯ, ಎರಡೂ ಅಡುಗೆಮನೆಯಲ್ಲಿ ಒಂದೇ ಅಡುಗೆ ಮಾಡಿಸುವುದು. ಹೊಸ ನೇಮ್‌ಸರ್ವರ್‌ನಲ್ಲಿ ಎಲ್ಲ ರೆಕಾರ್ಡ್‌ಗಳನ್ನೂ ಹಳೆಯದರಲ್ಲಿ ಇದ್ದ ಹಾಗೇ ಬರೆಯಿರಿ. ನೇರವಾಗಿ ಕೇಳಿ ತಾಳೆ ನೋಡಿ. ಆಮೇಲೆ ರಿಜಿಸ್ಟ್ರಾರ್ ಹತ್ತಿರ ನೇಮ್‌ಸರ್ವರ್ ಬದಲಿಸಿ. ಯಾರು ಹಳೆಯದನ್ನು ಕೇಳಿದರೂ, ಹೊಸದನ್ನು ಕೇಳಿದರೂ ಉತ್ತರ ಒಂದೇ, ಗಿರಾಕಿಗೆ ಗೊತ್ತೇ ಆಗುವುದಿಲ್ಲ. ಮೂರು ದಿನ ಬಿಟ್ಟು, ಬೇಕಾದರೆ ವಿಳಾಸ ಬದಲಿಸಿ. ಎರಡನ್ನೂ ಒಂದೇ ರಾತ್ರಿ ಮಾಡಬೇಡಿ.

ಡಿಎನ್‌ಎಸ್‌ಸೆಕ್, ಅಂದರೆ ಉತ್ತರ ನಕಲಿಯಲ್ಲ ಅಂತ ತೋರಿಸುವ ಡಿಜಿಟಲ್ ಸಹಿ, ಹಾಕಿದ್ದರೆ ಇನ್ನೊಂದು ಹುಷಾರು. ಆ ಸಹಿಯನ್ನು ತಾಳೆ ನೋಡಲು ಬೇಕಾದ ಡಿಎಸ್ ರೆಕಾರ್ಡ್ ಇರುವುದು ರಿಜಿಸ್ಟ್ರಾರ್ ಮೂಲಕ ಮೇಲಿನವರ ಹತ್ತಿರ. ಡಾಟ್ ಕಾಮ್‌ನಲ್ಲಿ ಅದರ ಆಯುಸ್ಸು ಒಂದು ದಿನ. ಮೊದಲು ಅದನ್ನು ತೆಗೆಯಿರಿ, ಒಂದು ದಿನಕ್ಕಿಂತ ಜಾಸ್ತಿ ಕಾಯಿರಿ, ಆಮೇಲೆ ನೇಮ್‌ಸರ್ವರ್ ಬದಲಿಸಿ. ಇಲ್ಲದಿದ್ದರೆ ಸಹಿ ಹೊಂದದೆ ಡೊಮೇನ್ ಹಲವರಿಗೆ ಪೂರ್ತಿ ಕಾಣೆ. 2021ರ ಸೆಪ್ಟೆಂಬರ್ 30ರಂದು ಕಚೇರಿಗಳ ಚಾಟ್ ಸೇವೆ ಸ್ಲ್ಯಾಕ್ ಇದರಲ್ಲೇ ಸಿಕ್ಕಿಬಿತ್ತು. ಡಿಎನ್‌ಎಸ್‌ಸೆಕ್ ಹಾಕಲು ಹೋಗಿ, ತೊಂದರೆಯಾಗಿ ಹಿಂದೆ ತೆಗೆದರು. ಡಿಎಸ್ ಉತ್ತರ ಮಾತ್ರ ರಿಸಾಲ್ವರ್‌ಗಳ ನೆನಪಿನಲ್ಲಿ ಉಳಿದುಬಿಟ್ಟಿತು. ಅಷ್ಟು ದೊಡ್ಡವರಿಗೇ ಹಾಗಾದರೆ ನಮ್ಮ ಗತಿ?

ಹಳೆಯ ನೇಮ್‌ಸರ್ವರ್ ಬಂದ್ ಮಾಡಿದರೆ ಹಳೆಯ ಉತ್ತರ ಬೇಗ ಸಾಯುತ್ತದೆ ಅಂತ ಕೆಲವರ ನಂಬಿಕೆ. ಉಲ್ಟಾ. ಅಡುಗೆಮನೆಯಿಂದ ಉತ್ತರವೇ ಬರದಿದ್ದರೆ, ಅವಧಿ ಮುಗಿದ ಹಳಸಲು ಉತ್ತರವನ್ನೇ ಕೊಡಲು ಕೆಲವು ರಿಸಾಲ್ವರ್‌ಗಳಿಗೆ ಅವಕಾಶವಿದೆ.

ಇಮೇಲ್ ಇದ್ದರೆ

ಇಮೇಲ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡ್ ಬದಲಾದರೂ ಇದೇ ಲೆಕ್ಕ. ಪತ್ರ ಕಳೆದುಹೋಗುತ್ತದೆ ಅನ್ನುವ ಭಯ ಅಷ್ಟು ಬೇಡ. ಸರ್ವರ್ ಸಿಗದಿದ್ದರೆ ಕಳಿಸುವ ಕಡೆಯವರು ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತಾರೆ. ನಿಜವಾದ ಅಪಾಯ ಹಳೆಯ ಸರ್ವರ್ ಇನ್ನೂ ಪತ್ರ ಸ್ವೀಕರಿಸುತ್ತಿದ್ದರೆ. ಮದುವೆ ಊಟದ ಆರ್ಡರ್ ಹಳೆಯ ಡಬ್ಬದಲ್ಲಿ ಬಿದ್ದಿರುತ್ತದೆ, ನೀವು ಹೊಸದನ್ನು ನೋಡುತ್ತಾ ಕೂತಿರುತ್ತೀರಿ. ಒಂದು ವಾರ ಎರಡೂ ಕಡೆ ನೋಡಿ. ಪತ್ರ ಕಳಿಸಿದ್ದು ನೀವೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್ ರೆಕಾರ್ಡ್‌ಗಳನ್ನು ಎಂಎಕ್ಸ್‌ಗಿಂತ ಮೊದಲೇ ಹಾಕಿ. ಇಲ್ಲದಿದ್ದರೆ ನೀವು ಕಳಿಸಿದ್ದು ಸ್ಪ್ಯಾಮಿಗೆ ಹೋಗಬಹುದು.

ಹಳೆಯ ಸರ್ವರ್ ಯಾವಾಗ ಬಂದ್ ಮಾಡಬೇಕು

ಎಲ್ಲ ಸರಿಯಾದ ಮೇಲೆ ಟಿಟಿಎಲ್ ಅನ್ನು 3600ಕ್ಕೋ ಅದಕ್ಕಿಂತ ಮೇಲಕ್ಕೋ ಏರಿಸಿ. ಐದೈದು ನಿಮಿಷಕ್ಕೆ ಎಲ್ಲರನ್ನೂ ಒಳಗೆ ಓಡಿಸುವುದು ಬೇಡ. ಹಳೆಯ ಸರ್ವರನ್ನು ಕನಿಷ್ಠ ಒಂದು ವಾರ ಇಟ್ಟುಕೊಳ್ಳಿ. ಅದರ ಲಾಗ್ (ಬಂದವರ ದಾಖಲೆ) ನೋಡಿ, ಇನ್ನೂ ಯಾರು ಬರುತ್ತಿದ್ದಾರೆ ಅಂತ. ಹೆಚ್ಚಾಗಿ ಬಾಟ್‌ಗಳು, ತಾವಾಗಿ ಸೈಟು ಸುತ್ತುವ ಪ್ರೋಗ್ರಾಮ್‌ಗಳು.

ನಮ್ಮ ಹೋಟೆಲಿನ ಹಳೆಯ ಲಾಗ್‌ನಲ್ಲಿ ಬಾಟ್‌ಗಳ ನಡುವೆ ಒಂದು ಐಪಿ ದಿನಾ ಬೆಳಗ್ಗೆ ಆರೂವರೆಗೆ ತಪ್ಪದೆ ಬರುತ್ತಿತ್ತು. ಹತ್ತನೇ ದಿನವೂ ಬಂತು. ನೋಡಿದರೆ ಅದು ಹೋಟೆಲಿನದ್ದೇ ಬ್ರಾಡ್‌ಬ್ಯಾಂಡ್. ಲೋಕಲ್ ಹಿಡಿದು ಮಾಟುಂಗಕ್ಕೆ ಹೋದೆ. ಗಲ್ಲಾದ ಮೇಲಿದ್ದ ಬಿಲ್ಲಿಂಗ್ ಕಂಪ್ಯೂಟರಿನ ಹೋಸ್ಟ್ಸ್ ಫೈಲ್ ತೆರೆದೆ. ಎರಡು ವರ್ಷದ ಹಿಂದೆ ಸೈಟ್ ಸಾಗಿಸುವಾಗ ಪರೀಕ್ಷೆಗೆ ಅಂತ ನಾನೇ ಬರೆದ ಸಾಲು ಹಾಗೇ ಕೂತಿತ್ತು. ಆಗಿನ ಹೊಸ ಐಪಿ, ಈಗಿನ ಹಳೆಯದು.

ಅಳಿಸಿ, ಫೈಲ್ ಉಳಿಸಿ, ಪುಟ ಮತ್ತೆ ತೆರೆದೆ. ಶೆಟ್ರು ಚಿಲ್ಲರೆ ಎಣಿಸುತ್ತಲೇ ಸ್ಕ್ರೀನ್ ಕಡೆ ಕಣ್ಣು ಹಾಯಿಸಿದರು. ಇಡ್ಲಿ 60.

“ಈಗ ಹಬ್ಬಿತಾ ಮಾರಾಯ್ರೆ?” ಅಂದರು.